ಹಡಗೇರಿದ ಹಿಮಸಾರಂಗಗಳು: ಕಡಲು ದಾಟಿದ್ದು ಹೇಗೆ, ದಡದಲ್ಲಿ ಸತ್ತದ್ದು ಏಕೆ

1898ರ ಫೆಬ್ರವರಿ 4ರಂದು ನಾರ್ವೆಯ ಉತ್ತರ ತುದಿಯಲ್ಲಿರುವ ಆಲ್ಟಾ ಪ್ರದೇಶದ ಬೊಸೆಕಾಪ್ ಎಂಬಲ್ಲಿಂದ ‘ಮ್ಯಾನಿಟೋಬಾ’ ಎಂಬ ಉಗಿಹಡಗು ಸುಮಾರು 540 ಜೀವಂತ ಹಿಮಸಾರಂಗಗಳನ್ನು ತುಂಬಿಕೊಂಡು ನ್ಯೂಯಾರ್ಕಿನತ್ತ ಹೊರಟಿತು. ಅದು ನಡುಚಳಿಗಾಲ, ಉತ್ತರ ಅಟ್ಲಾಂಟಿಕ್ ಸಾಗರ ವರ್ಷದಲ್ಲೇ ಅತ್ಯಂತ ಒರಟಾಗಿರುವ ಕಾಲ. ಮೂರು ವಾರಕ್ಕೂ ಮೀರಿದ ಆ ಪ್ರಯಾಣ ಮುಗಿಸಿ ಫೆಬ್ರವರಿಯ ಕೊನೆಯಲ್ಲಿ ಹಡಗು ನ್ಯೂಯಾರ್ಕ್ ಮುಟ್ಟಿದಾಗ ಸತ್ತಿದ್ದದ್ದು ಒಂದೇ ಒಂದು ಪ್ರಾಣಿ. ಆದರೆ ಅಮೆರಿಕದ ನೆಲಕ್ಕೆ ಇಳಿದ ಮೇಲೆ ಅದೇ ಹಿಂಡು ಕರಗುತ್ತಾ ಹೋಯಿತು. 1899ರ ಜನವರಿಯಲ್ಲಿ ಅಲಾಸ್ಕದ ಸರ್ಕಲ್ ಸಿಟಿಗೆ ತಲುಪಿದವು 114 ಮಾತ್ರ.

ಕಡಲಿನ ಹೊಯ್ದಾಟವನ್ನು ತಡೆದುಕೊಂಡ ಪ್ರಾಣಿಗಳು ಗಟ್ಟಿನೆಲದ ಮೇಲೆ ಏಕೆ ಸತ್ತವು? ಈ ಒಂದು ಪ್ರಶ್ನೆಯನ್ನು ಬಿಡಿಸಿಕೊಂಡರೆ ಹಿಮಸಾರಂಗ ಸಾಕಣೆಯ ಆರಂಭದ ದಿನಗಳ ಹಡಗು ಸಾಗಾಟ ಬಹುಮಟ್ಟಿಗೆ ಅರ್ಥವಾಗುತ್ತದೆ. 2022ರಲ್ಲಿ ನಮೀಬಿಯಾದ ಚೀತಾಗಳು ವಿಮಾನದಲ್ಲಿ ಬಂದು ಕುನೋ ಅರಣ್ಯದಲ್ಲಿ ಇಳಿದಂದಿನಿಂದ, ಜೀವಂತ ಪ್ರಾಣಿಗಳನ್ನು ಖಂಡದಿಂದ ಖಂಡಕ್ಕೆ ಒಯ್ಯುವ ವಿಚಾರ ನಮ್ಮಲ್ಲೂ ಮನೆಮಾತಾಗಿದೆ. ಪ್ರಾಣಿಯನ್ನು ವಾಹನಕ್ಕೆ ಹತ್ತಿಸುವುದೇ ದೊಡ್ಡ ಕೆಲಸ ಎಂದು ನಾವು ಸಹಜವಾಗಿ ಅಂದುಕೊಳ್ಳುತ್ತೇವೆ. ನೂರಮೂವತ್ತು ವರ್ಷಗಳ ಹಿಂದಿನ ಈ ಪ್ರಯಾಣಗಳನ್ನು ನೋಡಿದರೆ, ದೊಡ್ಡ ಕೆಲಸ ಬೇರೆಲ್ಲೋ ಇತ್ತೆಂಬುದು ತಿಳಿಯುತ್ತದೆ.

ಮೊದಲು ಪ್ರಾಣಿಯ ಪರಿಚಯ

ಹಿಮಸಾರಂಗ ಜಿಂಕೆಯ ಕುಟುಂಬಕ್ಕೆ ಸೇರಿದ, ಉತ್ತರ ಧ್ರುವದ ಸುತ್ತಲಿನ ಚಳಿನಾಡುಗಳಲ್ಲಿ ಬದುಕುವ ಪ್ರಾಣಿ. ಉತ್ತರ ಅಮೆರಿಕದಲ್ಲಿ ಕಾಡುಪ್ರಾಣಿಯಾಗಿಯೇ ಉಳಿದಿರುವ ಇದನ್ನು ಕ್ಯಾರಿಬೂ ಎಂದು ಕರೆಯುತ್ತಾರೆ. ಯುರೋಪ್ ಮತ್ತು ಸೈಬೀರಿಯಾದಲ್ಲಿ ಮನುಷ್ಯರು ಪಳಗಿಸಿದ್ದು ಇದೇ ಜಾತಿಯ ಪ್ರಾಣಿಯನ್ನು. ನಾರ್ವೆ, ಸ್ವೀಡನ್ ಮತ್ತು ಫಿನ್ಲೆಂಡಿನ ಸಾಮಿ ಜನ, ಸೈಬೀರಿಯಾದ ನೆನೆಟ್ಸ್ ಮತ್ತು ಚುಕ್ಚಿ ಜನ ತಲೆಮಾರುಗಳಿಂದ ಇದರ ಹಿಂಡುಗಳನ್ನು ಮೇಯಿಸುತ್ತಾ ಬಂದಿದ್ದಾರೆ. ಮಾಂಸ, ತೊಗಲು, ಬಂಡಿ ಎಳೆಯುವ ಶಕ್ತಿ, ಕೆಲವೆಡೆ ಹಾಲು, ಎಲ್ಲವೂ ಅವರಿಗೆ ಇದರಿಂದಲೇ.

‘ಪಳಗಿಸಿದ’ ಎಂದೊಡನೆ ನಮ್ಮ ಕೊಟ್ಟಿಗೆಯ ಹಸುವನ್ನು ನೆನೆಯಬಾರದು. ಹಿಮಸಾರಂಗದ ಹಿಂಡು ಸಂಜೆ ಮನೆಗೆ ಮರಳುವುದಿಲ್ಲ. ಅದು ಮೇವು ಹುಡುಕುತ್ತಾ ಸಾಗಿದಂತೆ ಮೇಯಿಸುವವರ ಮನೆಯೇ ಅದರ ಹಿಂದೆ ಸಾಗುತ್ತದೆ. ಬಂಡಿಗೆ ಹೂಡುವ ಕೆಲವನ್ನು ಬಿಟ್ಟರೆ ಉಳಿದವು ಗೋಡೆ, ಚಾವಣಿ, ಕಣ್ಣಿಹಗ್ಗ ಯಾವುದನ್ನೂ ಕಂಡಿರುವುದಿಲ್ಲ. ಅಂಥ ಪ್ರಾಣಿಯನ್ನು ಹಡಗಿನ ಇಕ್ಕಟ್ಟಿನಲ್ಲಿ ದಿನಗಟ್ಟಲೆ ನಿಲ್ಲಿಸುವುದೆಂದರೆ, ಬೆಟ್ಟದಲ್ಲಿ ಬಿಡುಬೀಸಾಗಿ ಮೇಯುವ ದನವನ್ನು ಲಾರಿಗೆ ತುಂಬಿದ ಹಾಗೆ.

ಇದರ ದೇಹದಲ್ಲಿ ಹಡಗಿನವರು ಗಮನಿಸಬೇಕಾದ ಎರಡು ಸಂಗತಿಗಳಿವೆ. ಮೊದಲನೆಯದು ತುಪ್ಪಳ. ಹೊರಪದರದ ಒಂದೊಂದು ಕೂದಲಿನ ಒಳಗೂ ಗಾಳಿ ತುಂಬಿದ ಪೊಳ್ಳುಗಳಿರುವುದರಿಂದ ಒಳಗಿನ ಬಿಸಿ ಹೊರಹೋಗುವುದಿಲ್ಲ. ಕೊರೆಯುವ ಚಳಿಯಲ್ಲಿ ಇದು ವರ, ಗಾಳಿಯಾಡದ ಹಡಗಿನ ಹೊಟ್ಟೆಯಲ್ಲಿ ಇದೇ ಕಂಟಕ. ಎರಡನೆಯದು ಕವಲುಕೊಂಬು. ಬೇರೆ ಜಿಂಕೆಗಳಲ್ಲಿ ಗಂಡಿಗೆ ಮಾತ್ರ ಕೊಂಬಿದ್ದರೆ, ಹಿಮಸಾರಂಗದಲ್ಲಿ ಹೆಣ್ಣಿಗೂ ಇರುತ್ತದೆ. ಈ ಕೊಂಬು ಪ್ರತಿವರ್ಷ ಉದುರಿ ಹೊಸದಾಗಿ ಬೆಳೆಯುತ್ತದೆ. ಬೆಳೆಯುವ ಬೇಸಿಗೆಯ ತಿಂಗಳುಗಳಲ್ಲಿ ಅದು ಮಖಮಲ್ಲಿನಂಥ ತೊಗಲು ಹೊದ್ದು, ಒಳಗೆ ರಕ್ತ ಹರಿಯುತ್ತಾ, ಮುಟ್ಟಿದರೆ ನೋಯುವಷ್ಟು ಮೆತ್ತಗಿರುತ್ತದೆ.

ಕಡಲು ದಾಟಿಸುವ ಅಗತ್ಯ ಹೇಗೆ ಬಂತು

ಅಲಾಸ್ಕ 1867ರಲ್ಲಿ ರಷ್ಯಾದಿಂದ ಅಮೆರಿಕದ ಕೈಗೆ ಬಂತು. ಅದರ ಪಶ್ಚಿಮ ಕರಾವಳಿಯಲ್ಲಿ ಬದುಕುವ ಇನೂಪಿಯಾಕ್ ಮತ್ತು ಯೂಪಿಕ್ ಜನರ ಊಟವೆಂದರೆ ತಿಮಿಂಗಿಲ, ವಾಲ್ರಸ್, ಸೀಲ್, ಮೀನು ಮತ್ತು ಕ್ಯಾರಿಬೂ. ಎಣ್ಣೆಗಾಗಿ, ದಂತಕ್ಕಾಗಿ ಬಂದ ಬೇಟೆಯ ಹಡಗುಗಳು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ತಿಮಿಂಗಿಲಗಳನ್ನೂ ವಾಲ್ರಸ್‌ಗಳನ್ನೂ ಎಗ್ಗಿಲ್ಲದೆ ಕೊಂದವು. ಕ್ಯಾರಿಬೂ ಕೂಡ ಕರಾವಳಿಯ ಹಲವೆಡೆ ವಿರಳವಾಯಿತು. ಹಳ್ಳಿಗಳಲ್ಲಿ ಹಸಿವು ಕಾಣಿಸಿಕೊಂಡಿತು.

ಆ ಕರಾವಳಿಯಲ್ಲಿ ಪ್ರತಿ ಬೇಸಿಗೆ ಗಸ್ತು ತಿರುಗುತ್ತಿದ್ದ ಸರಕಾರಿ ಹಡಗಿನ ಹೆಸರು ‘ಬೇರ್’, ಅಂದರೆ ಕರಡಿ. ಅದರ ನಾಯಕ ಕ್ಯಾಪ್ಟನ್ ಮೈಕಲ್ ಹೀಲಿ. ಐರ್ಲೆಂಡ್ ಮೂಲದ ತೋಟದ ಮಾಲೀಕನಿಗೂ ಅವನ ಗುಲಾಮಗಿರಿಯಲ್ಲಿದ್ದ ಹೆಣ್ಣುಮಗಳಿಗೂ ಜಾರ್ಜಿಯಾದಲ್ಲಿ ಹುಟ್ಟಿದವರು ಅವರು. ಅಂದಿನ ಕಾನೂನಿನ ಪ್ರಕಾರ ಹುಟ್ಟುಗುಲಾಮ. ಅಂಥವರು ಆ ಕಾಲದಲ್ಲಿ ಸರಕಾರಿ ಹಡಗಿನ ನಾಯಕರಾದದ್ದು ಸಾಮಾನ್ಯ ಸಂಗತಿಯಲ್ಲ. ಬೇರಿಂಗ್ ಜಲಸಂಧಿಯ ಎರಡೂ ದಡಗಳನ್ನು ಅವರಷ್ಟು ಬಲ್ಲವರು ಕಡಿಮೆ. ಜಲಸಂಧಿ ಅತ್ಯಂತ ಕಿರಿದಾಗಿರುವಲ್ಲಿ ಅದರ ಅಗಲ ಸುಮಾರು 85 ಕಿಲೋಮೀಟರ್. ಪೂರ್ವದ ದಡದಲ್ಲಿ ಹಸಿವು, ಪಶ್ಚಿಮದ ಸೈಬೀರಿಯಾದ ದಡದಲ್ಲಿ ಚುಕ್ಚಿ ಜನರ ದೊಡ್ಡ ದೊಡ್ಡ ಹಿಂಡುಗಳು. ಎರಡನ್ನೂ ಒಂದೇ ಬೇಸಿಗೆಯಲ್ಲಿ ಕಣ್ಣಾರೆ ಕಂಡವರಿಗೆ ಆ ಹಿಂಡನ್ನು ಈಚೆ ತರಬಾರದೇಕೆ ಎಂಬ ಯೋಚನೆ ಹುಟ್ಟಿದ್ದು ಸಹಜ. ಅಲಾಸ್ಕದ ಶಿಕ್ಷಣದ ಹೊಣೆ ಹೊತ್ತಿದ್ದ ಮಿಷನರಿ ಶೆಲ್ಡನ್ ಜ್ಯಾಕ್ಸನ್ 1890ರಲ್ಲಿ ‘ಬೇರ್’ನಲ್ಲಿ ಪ್ರಯಾಣ ಮಾಡಿದರು. ಮುಂದೆ ಈ ಯೋಜನೆಯನ್ನು ಪಟ್ಟುಹಿಡಿದು ನಡೆಸಿದವರು ಅವರೇ.

ಅಲಾಸ್ಕದಲ್ಲಿ ಕ್ಯಾರಿಬೂ ಇರುವಾಗ ಅದನ್ನೇ ಹಿಡಿದು ಸಾಕಬಹುದಿತ್ತಲ್ಲ ಎಂದು ಕೇಳಬಹುದು. ಒಂದು ಕಾಡುಪ್ರಾಣಿ ಮನುಷ್ಯನ ಸನಿಹಕ್ಕೆ ಒಗ್ಗಿಕೊಳ್ಳಲು ಅನೇಕ ತಲೆಮಾರುಗಳು ಬೇಕು. ಸೈಬೀರಿಯಾದಲ್ಲಿ ಆ ಕೆಲಸ ಆಗಲೇ ಮುಗಿದಿತ್ತು. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕಡಲಿನ ಮೇಲೆ ಹಿಂಡನ್ನು ನಡೆಸಿಕೊಂಡು ಬರಬಹುದಿತ್ತಲ್ಲ ಎಂಬುದು ಇನ್ನೊಂದು ಪ್ರಶ್ನೆ. ಬೇರಿಂಗ್ ಜಲಸಂಧಿಯ ಮಂಜುಗಡ್ಡೆ ಕೆರೆಯ ಮೇಲಿನ ಗಡ್ಡೆಯಂತೆ ನಿಂತಲ್ಲಿ ನಿಲ್ಲುವುದಿಲ್ಲ. ಗಾಳಿಗೂ ಪ್ರವಾಹಕ್ಕೂ ಒಡೆದು, ಸರಿದು, ಒಂದರ ಮೇಲೊಂದು ಏರಿ ಕೂರುತ್ತದೆ. ಹೀಗಾಗಿ ಉಳಿದ ಹಾದಿ ಹಡಗೊಂದೇ.

‘ಬೇರ್’ ಹಡಗಿನ ಅಟ್ಟದ ಮೇಲೆ

ಅಮೆರಿಕದ ಸಂಸತ್ತು ಆರಂಭದಲ್ಲಿ ಹಣ ಕೊಡಲಿಲ್ಲ. ಜ್ಯಾಕ್ಸನ್ ಪತ್ರಿಕೆಗಳ ಮೂಲಕ ಸಾರ್ವಜನಿಕರಲ್ಲಿ ಬೇಡಿ 2,146 ಡಾಲರ್ ಕೂಡಿಸಿದರು. ಆದರೆ ಸೈಬೀರಿಯಾದ ಹಳ್ಳಿಗಳಲ್ಲಿ ಡಾಲರಿಗೆ ಬೆಲೆಯಿರಲಿಲ್ಲ. ಆ ಹಣದಿಂದ ವಿನಿಮಯದ ಸಾಮಾನುಗಳನ್ನು ಕೊಂಡು ಒಯ್ಯಬೇಕಾಯಿತು. ಸಾಮಾನಿದ್ದರೂ ವ್ಯಾಪಾರ ಸುಲಭವಾಗಲಿಲ್ಲ. ಕೊಯ್ದ ಪ್ರಾಣಿಯ ಮಾಂಸ ಮತ್ತು ತೊಗಲನ್ನು ಮಾರುವುದು ಚುಕ್ಚಿ ಜನರಿಗೆ ಹೊಸದಲ್ಲ, ಜೀವಂತ ಪ್ರಾಣಿಯನ್ನು ಕಡಲಾಚೆಯವರಿಗೆ ಕೊಡಲು ಮಾತ್ರ ಅವರ ಮನಸ್ಸು ಒಪ್ಪುತ್ತಿರಲಿಲ್ಲ. ಹಿಂಡಿನ ಬದುಕನ್ನೇ ಇನ್ನೊಬ್ಬರ ಕೈಗಿಟ್ಟರೆ ಮುಂದೆ ತಮ್ಮ ವ್ಯಾಪಾರದ ಗತಿಯೇನು ಎಂಬ ಅಳುಕು ಯಾವ ಪಶುಪಾಲಕರಿಗಾದರೂ ಇರುವಂಥದ್ದೇ. ಹೀಲಿ ಕರಾವಳಿಯುದ್ದಕ್ಕೂ ಹಳ್ಳಿಯಿಂದ ಹಳ್ಳಿಗೆ ಹೋಗಿ, ಹಲವು ವರ್ಷಗಳ ತಮ್ಮ ಪರಿಚಯವನ್ನೇ ಬಂಡವಾಳವಾಗಿಟ್ಟು, ಮಾತಾಡಿ ಒಪ್ಪಿಸಬೇಕಾಯಿತು.

1891ರಲ್ಲಿ ಕೊಂಡದ್ದು ಕೇವಲ 16 ಪ್ರಾಣಿಗಳು. ಅವುಗಳನ್ನು ಸುಮಾರು ಮೂರು ವಾರ ಹಡಗಿನಲ್ಲೇ ಇರಿಸಿಕೊಂಡು, ದಕ್ಷಿಣಕ್ಕೆ ದೂರದ ಅಲ್ಯೂಷಿಯನ್ ದ್ವೀಪಗಳ ಉನಲಾಸ್ಕಕ್ಕೆ ಒಯ್ದು ಇಳಿಸಿದರು. ಹಿಂಡು ಕಟ್ಟುವುದು ಈ ಪ್ರಯಾಣದ ಉದ್ದೇಶವಾಗಿರಲಿಲ್ಲ. ಎರಡೇ ಅನುಮಾನಗಳನ್ನು ಬಗೆಹರಿಸಿಕೊಳ್ಳಬೇಕಿತ್ತು: ಚುಕ್ಚಿ ಜನ ಮಾರುತ್ತಾರೆಯೇ, ಮತ್ತು ಹಿಮಸಾರಂಗ ಹಡಗನ್ನು ತಡೆದುಕೊಳ್ಳುತ್ತದೆಯೇ. ಎರಡಕ್ಕೂ ಹೌದೆಂಬ ಉತ್ತರ ಸಿಕ್ಕಿತು.

ಮರುವರ್ಷ ನಿಜವಾದ ಕೆಲಸ ಮೊದಲಾಯಿತು. 1892ರ ಜುಲೈ 4ರಂದು ಅಲಾಸ್ಕದ ಪೋರ್ಟ್ ಕ್ಲಾರೆನ್ಸ್ ಕೊಲ್ಲಿಯಲ್ಲಿ 53 ಪ್ರಾಣಿಗಳು ಇಳಿದವು. ಆ ಬೇಸಿಗೆಯಲ್ಲಿ ‘ಬೇರ್’ ಐದು ಬಾರಿ ಹೋಗಿಬಂದು ಒಟ್ಟು 171 ಪ್ರಾಣಿಗಳನ್ನು ತಂದಿತು. ಅವುಗಳಿಗಾಗಿ ತೆರೆದ ಕೇಂದ್ರವೇ ಟೆಲ್ಲರ್ ಹಿಮಸಾರಂಗ ಕೇಂದ್ರ.

‘ಬೇರ್’ ಸ್ಕಾಟ್ಲೆಂಡಿನ ಡಂಡೀಯಲ್ಲಿ 1874ರಲ್ಲಿ ಸೀಲ್ ಬೇಟೆಗೆಂದು ಕಟ್ಟಿದ ಹಡಗು. ಮಂಜುಗಡ್ಡೆಯ ನಡುವೆ ನುಗ್ಗಬಲ್ಲ ದಪ್ಪ ಮರದ ಒಡಲು, ಹಾಯಿ ಮತ್ತು ಉಗಿಯಂತ್ರ ಎರಡೂ ಅದಕ್ಕಿದ್ದವು. ದನಕರು ಸಾಗಿಸುವ ಏರ್ಪಾಡು ಮಾತ್ರ ಇರಲಿಲ್ಲ, ಕರಾವಳಿಯಲ್ಲಿ ಹಡಗು ತಾಗುವಂಥ ಕಟ್ಟೆಯೂ ಇರಲಿಲ್ಲ. ಹಾಗಾಗಿ ಒಂದೊಂದು ಪ್ರಾಣಿಯನ್ನೂ ಕೈಯಿಂದಲೇ ಏರಿಸಬೇಕಿತ್ತು. ದಡದಲ್ಲಿ ಹಿಂಡನ್ನು ಒತ್ತಟ್ಟಿಗೆ ತಂದು, ಚುಕ್ಚಿ ಹಿಂಡುಗಾರ ಕುಣಿಕೆಹಗ್ಗ ಬೀಸಿ ಬೇಕಾದ ಪ್ರಾಣಿಯನ್ನು ಹಿಡಿಯುತ್ತಿದ್ದ. ನಮ್ಮಲ್ಲಿ ಲಾಳ ಕಟ್ಟುವಾಗ ಎತ್ತನ್ನು ಕೆಡವಿ ನಾಲ್ಕು ಕಾಲನ್ನೂ ಸೇರಿಸಿ ಬಿಗಿಯುತ್ತಾರಲ್ಲ, ಹಾಗೆಯೇ ಅದನ್ನು ಮಲಗಿಸಿ ಕಾಲು ಕಟ್ಟುತ್ತಿದ್ದರು. ಹೊತ್ತೊಯ್ದು ದೋಣಿಯಲ್ಲಿಟ್ಟು, ಹುಟ್ಟುಹಾಕುತ್ತಾ ಲಂಗರು ಹಾಕಿದ ಹಡಗಿನ ಪಕ್ಕಕ್ಕೆ ತರುತ್ತಿದ್ದರು. ಅಲ್ಲಿ ಹೊಟ್ಟೆಯ ಅಡಿಗೆ ಅಗಲವಾದ ಪಟ್ಟಿ ತೊಡಿಸಿ, ರಾಟೆಯ ಹಗ್ಗ ಜಗ್ಗಿದರೆ ಪ್ರಾಣಿ ನೀರಿನ ಮೇಲೆ ತೂಗಾಡುತ್ತಾ ಮೇಲೇರಿ ಹಡಗಿನ ಅಟ್ಟದ ಮೇಲೆ ಇಳಿಯುತ್ತಿತ್ತು. ಕಾಲಿನ ಕಟ್ಟು ಬಿಚ್ಚಿದ ಕ್ಷಣ ಅದು ಎದ್ದು ನಿಲ್ಲುವುದು ಅಲುಗಾಡುವ ಹಲಗೆಯ ಮೇಲೆ, ಹೊಗೆ ಕಾರುವ ಕೊಳವೆಯ ಸನಿಹದಲ್ಲಿ, ಅಪರಿಚಿತರ ನಡುವೆ. ಆಚೆ ದಡದಲ್ಲಿ ಇದೇ ಕೆಲಸ ತಿರುಗುಮುರುಗಾಗಿ ನಡೆಯಬೇಕಿತ್ತು.

ಇದೆಲ್ಲ ನಡೆಯುತ್ತಿದ್ದದ್ದು ಬೇಸಿಗೆಯಲ್ಲಿ, ಏಕೆಂದರೆ ಉಳಿದ ತಿಂಗಳುಗಳಲ್ಲಿ ಮಂಜುಗಡ್ಡೆ ದಾರಿ ಬಿಡುವುದಿಲ್ಲ. ಆದರೆ ಕೊಂಬು ಮೆತ್ತಗಿರುವುದೂ, ವಸಂತದಲ್ಲಿ ಹುಟ್ಟಿದ ಮರಿಗಳು ಇನ್ನೂ ತಾಯಿಯ ಹಿಂದೆಯೇ ಇರುವುದೂ ಅದೇ ತಿಂಗಳುಗಳಲ್ಲಿ. ಒತ್ತೊತ್ತಾಗಿ ನಿಲ್ಲಿಸಿದರೆ ಕೊಂಬಿಗೆ ಗಾಯ, ಸಡಿಲವಾಗಿ ಬಿಟ್ಟರೆ ಅಲೆಗೆ ಹಡಗು ವಾಲಿದಾಗ ಒಂದರ ಮೇಲೊಂದು ಬೀಳುವ ಅಪಾಯ. ಕಡಲಿಗೆ ಸಿಗುವ ಕಾಲ ಪ್ರಾಣಿಗೆ ಒಳ್ಳೆಯ ಕಾಲವಲ್ಲ ಎಂಬ ಈ ಇಕ್ಕಟ್ಟಿನ ನಡುವೆಯೂ ‘ಬೇರ್’ನ ಪ್ರಯಾಣಗಳು ಗೆದ್ದವು. ಅದಕ್ಕೆ ದೂರ ಕಡಿಮೆಯಿದ್ದದ್ದು ಒಂದು ಕಾರಣ. ಇನ್ನೊಂದು ಕಾರಣ ಪ್ರಾಣಿಯ ಹೊಟ್ಟೆಯಲ್ಲಿತ್ತು.

ಮೇವು ಎಂದರೆ ಕಲ್ಲುಹೂವು

ಹಿಮಸಾರಂಗದ ಚಳಿಗಾಲದ ಮುಖ್ಯ ಮೇವನ್ನು ಆಂಗ್ಲ ಬರಹಗಳಲ್ಲಿ ‘ಹಿಮಸಾರಂಗದ ಹಾವಸೆ’ ಎಂಬರ್ಥದ ಹೆಸರಿನಿಂದ ಕರೆಯುತ್ತಾರೆ. ಅದು ಹಾವಸೆಯಲ್ಲ. ಶಿಲೀಂಧ್ರ ಮತ್ತು ಪಾಚಿ ಎರಡೂ ಕೂಡಿ ಒಂದೇ ಜೀವಿಯಂತೆ ಬದುಕುವ ಕಲ್ಲುಹೂವಿನ ವರ್ಗಕ್ಕೆ ಸೇರಿದ್ದು. ನಮ್ಮ ಅಡುಗೆಮನೆಯ ಮಸಾಲೆ ಡಬ್ಬಿಯಲ್ಲಿ ಚಕ್ಕೆ, ಲವಂಗದ ಜೊತೆ ಇರುವ, ಒಂದು ಬದಿ ಕಪ್ಪು ಇನ್ನೊಂದು ಬದಿ ಬೂದುಬಿಳುಪಿನ ಕಲ್ಲುಹೂವಿನ ದೂರದ ನೆಂಟ ಅದು. ನಮ್ಮದು ಚಪ್ಪಟೆ ಎಲೆಯಂತಿದ್ದರೆ ಅದು ಪುಟ್ಟ ಪುಟ್ಟ ಕವಲುಗಳೊಡೆದು, ಬಿಳಿ ಹವಳದ ಪೊದೆಯಂತೆ ನೆಲವನ್ನು ಹೊದ್ದಿರುತ್ತದೆ. ಚಳಿಗಾಲದಲ್ಲಿ ಹಿಮಸಾರಂಗ ಗೊರಸಿನಿಂದ ಹಿಮ ಕೆದರಿ, ಮೂಗಿಟ್ಟು ಹುಡುಕಿ ಇದನ್ನು ತಿನ್ನುತ್ತದೆ.

ಕಲ್ಲುಹೂವನ್ನು ಅರಗಿಸಿಕೊಳ್ಳುವುದು ಹೆಚ್ಚಿನ ಪ್ರಾಣಿಗಳಿಗೆ ಕಷ್ಟ. ಹಿಮಸಾರಂಗಕ್ಕೆ ಅದು ಹೇಗೆ ಸಾಧ್ಯವೆಂದು ತಿಳಿಯಲು ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯನ್ನು ನೋಡಬೇಕು. ಹಸು, ಎಮ್ಮೆ, ಕುರಿಗಳಂತೆ ಇದರ ಹೊಟ್ಟೆಗೂ ನಾಲ್ಕು ಕೋಣೆಗಳಿವೆ. ಮೊದಲನೆಯ ದೊಡ್ಡ ಕೋಣೆಗೆ ರೂಮೆನ್ ಎಂದು ಹೆಸರು. ಅಲ್ಲಿ ಮೇವನ್ನು ಒಡೆಯುವುದು ಪ್ರಾಣಿಯಲ್ಲ, ಅಲ್ಲಿ ಮನೆಮಾಡಿಕೊಂಡಿರುವ ಕೋಟ್ಯಂತರ ಸೂಕ್ಷ್ಮಜೀವಿಗಳು. ಹಾಲಿಗೆ ಹಾಕಿದ ಹೆಪ್ಪು ಹೇಗೆ ಹಾಲನ್ನು ಮೊಸರಾಗಿಸುತ್ತದೆಯೋ ಹಾಗೆ ಇವು ಮೇವನ್ನು ಹುದುಗಿಸಿ ಪ್ರಾಣಿಗೆ ಬೇಕಾದ ಶಕ್ತಿಯನ್ನು ಕೊಡುತ್ತವೆ. ಪ್ರತಿಯೊಂದು ಬಗೆಯ ಮೇವಿಗೂ ಪ್ರತ್ಯೇಕ ಹೆಪ್ಪು ಬೇಕು. ಚಳಿಗಾಲವೆಲ್ಲ ಕಲ್ಲುಹೂವು ತಿಂದ ಹಿಮಸಾರಂಗದ ಹೊಟ್ಟೆಯಲ್ಲಿ ಕಲ್ಲುಹೂವಿಗೆ ಒಗ್ಗಿದ ಸೂಕ್ಷ್ಮಜೀವಿಗಳೇ ಮೇಲುಗೈ ಪಡೆದಿರುತ್ತವೆ.

ಹಾಗೆಂದು ಹಿಮಸಾರಂಗ ಕಲ್ಲುಹೂವನ್ನು ಬಿಟ್ಟು ಬೇರೇನನ್ನೂ ತಿನ್ನದೆಂದಲ್ಲ. ಬೇಸಿಗೆಯಲ್ಲಿ ಅದು ಹಸಿರು ಹುಲ್ಲು, ಜೊಂಡು, ಕುಳ್ಳು ವಿಲೋ ಗಿಡಗಳ ಎಲೆ, ಅಣಬೆ ಎಲ್ಲವನ್ನೂ ತಿನ್ನುತ್ತದೆ. ವಸಂತ ಬಂದು, ಹಿಮ ಕರಗಿ, ಹಸಿರು ಸ್ವಲ್ಪಸ್ವಲ್ಪವಾಗಿ ಕಾಣಿಸಿಕೊಂಡಂತೆ ಹೊಟ್ಟೆಯ ಹೆಪ್ಪೂ ಸ್ವಲ್ಪಸ್ವಲ್ಪವಾಗಿ ಬದಲಾಗುತ್ತದೆ. ತೊಂದರೆ ಇರುವುದು ದಿಢೀರ್ ಬದಲಾವಣೆಯಲ್ಲಿ. ಮದುವೆಮನೆಯ ಹಿತ್ತಿಲಲ್ಲಿ ಸುರಿದ ಅನ್ನವನ್ನು ಒಮ್ಮೆಗೇ ಹೊಟ್ಟೆತುಂಬ ತಿಂದ ಹಸು ಹೊಟ್ಟೆಯುಬ್ಬರಿಸಿ ಮಲಗಿ, ಪಶುವೈದ್ಯರು ಬರುವಷ್ಟರಲ್ಲಿ ಪ್ರಾಣ ಬಿಟ್ಟದ್ದನ್ನು ಹಳ್ಳಿಯ ಓದುಗರಲ್ಲಿ ಹಲವರು ಕಂಡಿರುತ್ತಾರೆ. ಅನ್ನ ವಿಷವಲ್ಲ, ಹೊಟ್ಟೆಯೊಳಗಿನ ಜೀವಿಗಳು ಅದಕ್ಕೆ ಸಿದ್ಧವಾಗಿರಲಿಲ್ಲ, ಅಷ್ಟೇ. ಒಂದು ಮೇವಿನಿಂದ ಇನ್ನೊಂದಕ್ಕೆ ಹೊಂದಿಕೊಳ್ಳಲು ಆ ಜೀವಿಗಳಿಗೆ ಎರಡು ಮೂರು ವಾರ ಬೇಕು.

‘ಬೇರ್’ನ ಗೆಲುವಿನ ಗುಟ್ಟು ಇಲ್ಲಿದೆ. ಬೇಸಿಗೆಯ ಹಸಿರು ಮೇದಿದ್ದ ಪ್ರಾಣಿಗಳನ್ನು ಅದು ಅಂಥದ್ದೇ ಹಸಿರಿರುವ ಎದುರು ದಡಕ್ಕೆ ಕೆಲವೇ ದಿನಗಳಲ್ಲಿ ದಾಟಿಸುತ್ತಿತ್ತು. ದಡಕ್ಕಿಳಿದ ಪ್ರಾಣಿಗೆ ಹೊಟ್ಟೆಯ ಹೆಪ್ಪು ಬದಲಿಸುವ ಪ್ರಸಂಗವೇ ಬರುತ್ತಿರಲಿಲ್ಲ.

‘ಮ್ಯಾನಿಟೋಬಾ’: ಕಡಲಿನ ಗೆಲುವು, ನೆಲದ ಸೋಲು

1897ರಲ್ಲಿ ಕೆನಡಾದ ಕ್ಲಾಂಡೈಕ್ ಕಣಿವೆಗೆ ಚಿನ್ನ ಹುಡುಕುವ ಜನ ಸಾವಿರಗಟ್ಟಲೆ ನುಗ್ಗಿದರು. ಅವರು ಚಳಿಗಾಲದಲ್ಲಿ ಹಸಿವಿನಿಂದ ಸಾಯುವರೆಂಬ ಸುದ್ದಿ ಹಬ್ಬಿ, ಅಮೆರಿಕದ ಸಂಸತ್ತು ಆ ವರ್ಷದ ಕೊನೆಯಲ್ಲಿ ಪರಿಹಾರಕ್ಕೆಂದು 2 ಲಕ್ಷ ಡಾಲರ್ ಮಂಜೂರು ಮಾಡಿತು. ಕುದುರೆಗೆ ಹುಲ್ಲಿಲ್ಲದ ಆ ಹಿಮದ ಹಾದಿಯಲ್ಲಿ ದವಸ ಹೊರಲು ಹಿಮಸಾರಂಗವೇ ತಕ್ಕದ್ದೆಂದು ತೀರ್ಮಾನವಾಯಿತು. ಬಂಡಿಗೆ ಪಳಗಿದ ಪ್ರಾಣಿಗಳು ಬೇಕಿದ್ದವು, ಬೇಗ ಬೇಕಿದ್ದವು. ಬೇರಿಂಗ್ ಜಲಸಂಧಿ ಹೆಪ್ಪುಗಟ್ಟಿತ್ತು. ಜ್ಯಾಕ್ಸನ್ ಮತ್ತು ಟೆಲ್ಲರ್ ಕೇಂದ್ರದ ಮೇಲ್ವಿಚಾರಕರಾಗಿದ್ದ ನಾರ್ವೆ ಮೂಲದ ವಿಲಿಯಂ ಶೆಲ್ಮನ್ ನಾರ್ವೆಗೆ ಹೋಗಿ ಪ್ರಾಣಿಗಳನ್ನೂ, ಹಿಮಬಂಡಿಗಳನ್ನೂ, ನೊಗದ ಪಟ್ಟಿಗಳನ್ನೂ, ಜೊತೆಗೆ ನೂರಕ್ಕೂ ಹೆಚ್ಚು ಜನರನ್ನೂ ಒಟ್ಟುಮಾಡಿದರು.

ಇವುಗಳ ಜೊತೆ ಹಡಗಿಗೆ ತುಂಬಬೇಕಾದ ಇನ್ನೊಂದು ಸರಕು ಕಲ್ಲುಹೂವು. ಪ್ರಾಣಿಯೊಂದಕ್ಕೆ ದಿನಕ್ಕೆ ಒಣಗಿದ ತೂಕದಲ್ಲಿ 2 ಕಿಲೋ ಎಂದು ಕೈಬಿಗಿ ಹಿಡಿದು ಲೆಕ್ಕ ಹಾಕಿದರೂ 540 ಪ್ರಾಣಿಗಳಿಗೆ ದಿನಕ್ಕೆ ಒಂದು ಟನ್ನಿಗೂ ಮೀರುತ್ತದೆ. 24 ದಿನಗಳಿಗೆ ಸುಮಾರು 26 ಟನ್. ಇದು ಹೊಲದಲ್ಲಿ ಬೆಳೆಯುವ ಮೇವಲ್ಲ, ಕುಡುಗೋಲಿಗೆ ಸಿಗುವುದೂ ಇಲ್ಲ. ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುವ ಅದನ್ನು ನೆಲದಿಂದ ಕೈಯಲ್ಲೇ ಹಿಡಿಹಿಡಿಯಾಗಿ ಕಿತ್ತು, ಕಸಕಡ್ಡಿ ಬಿಡಿಸಿ ತುಂಬಬೇಕು. ಒಣಗಿದರೆ ಹಪ್ಪಳದಂತೆ ಮುರಿದು ಪುಡಿಯಾಗುತ್ತದೆ. ಒಂದು ಸಲ ಬರಿದಾದ ನೆಲದಲ್ಲಿ ಮತ್ತೆ ಮೊದಲಿನಷ್ಟು ಬೆಳೆಯಲು ದಶಕಗಳೇ ಬೇಕು. ಇಂಥ ಮೇವನ್ನು ನಾರ್ವೆಯಲ್ಲಿ ತುಂಬಿಕೊಂಡಷ್ಟೇ ಬಂತು. ಮುಂದೆ ದಾರಿಯಲ್ಲಿ ಕೊಳ್ಳುತ್ತೇವೆಂದರೆ ನ್ಯೂಯಾರ್ಕಿನ ಯಾವ ಸಂತೆಯಲ್ಲೂ ಸಿಗುವಂಥದ್ದಲ್ಲ.

ಕಡಲಿನ ಮೇಲೆ ಮೇವಿತ್ತು, ನೋಡಿಕೊಳ್ಳಲು ಬಲ್ಲವರಿದ್ದರು, ಹೊರಗಿನ ಚಳಿ ಅವುಗಳ ತುಪ್ಪಳಕ್ಕೆ ಹಿತವಾಗಿತ್ತು. ಅಷ್ಟು ದಿನಗಳ ಬಿರುಸಿನ ಕಡಲಯಾನದಲ್ಲಿ ಒಂದೇ ಪ್ರಾಣಿ ಸತ್ತದ್ದಕ್ಕೆ ಈ ಮೂರೂ ಸೇರಿಯೇ ಕಾರಣ. ನ್ಯೂಯಾರ್ಕಿನಿಂದ ರೈಲಿನಲ್ಲಿ ಇಡೀ ಖಂಡವನ್ನು ದಾಟಿ ಮಾರ್ಚ್ ಮೊದಲ ವಾರದ ಹೊತ್ತಿಗೆ ಹಿಂಡು ಸಿಯಾಟಲ್ ಸೇರಿತು. ಅಲ್ಲಿ ಮುಂದಿನ ಹಡಗಿಗಾಗಿ ಕಾಯಬೇಕಾಯಿತು. ಕಲ್ಲುಹೂವು ಮುಗಿಯುತ್ತಾ ಬಂದಿತ್ತು. ಪ್ರಾಣಿಗಳನ್ನು ಊರಿನ ವುಡ್‌ಲ್ಯಾಂಡ್ ಉದ್ಯಾನದ ಹುಲ್ಲಿಗೆ ಬಿಟ್ಟರು. ಫೆಬ್ರವರಿಯ ನಾರ್ವೆಯಿಂದ ಹೊರಟ ಆ ಹೊಟ್ಟೆಗಳು ಚಳಿಗಾಲದ ಮೇವಿಗೆ ಸಜ್ಜಾಗಿದ್ದವು. ಅವುಗಳ ಮುಂದೆ ಒಮ್ಮೆಗೇ ಬಂದದ್ದು ಹುಲ್ಲು. ಅಲ್ಲಿಂದಲೇ ಸಾವು ಶುರುವಾಯಿತು.

ಸಿಯಾಟಲ್‌ನಿಂದ ಮತ್ತೆ ಹಡಗೇರಿಸಿ ಅಲಾಸ್ಕದ ಹೇನ್ಸ್ ಎಂಬಲ್ಲಿ ಇಳಿಸಿದಾಗ ಆ ಕರಾವಳಿಯಲ್ಲೂ ಕಲ್ಲುಹೂವಿರಲಿಲ್ಲ. ಅದು ಸಿಗುವ ಎತ್ತರದ ನೆಲ ಒಳನಾಡಿನಲ್ಲಿ, ಚಿಲ್ಕಾಟ್ ನದಿಯ ಮೇಲ್ಗಡೆ ಇತ್ತು. ಆಗಲೇ ನಿತ್ರಾಣವಾಗಿದ್ದ ಪ್ರಾಣಿಗಳು ಹಿಮದಲ್ಲಿ ನಡೆದು ಅಲ್ಲಿಗೆ ಹತ್ತಬೇಕಿತ್ತು. ನೂರಾರು ಪ್ರಾಣಿಗಳು ಕರಾವಳಿಯಲ್ಲೂ ದಾರಿಯಲ್ಲೂ ಸತ್ತವು. ಯಾರ ಹಸಿವು ನೀಗಿಸಲು ಇವನ್ನು ತಂದಿದ್ದರೋ ಆ ಕ್ಲಾಂಡೈಕ್‌ನಲ್ಲಿ ಅಷ್ಟರಲ್ಲಿ ಕ್ಷಾಮದ ಭೀತಿಯೇ ಇಳಿದಿತ್ತು. ಸತ್ತವುಗಳ ಸಂಖ್ಯೆ ಓದುವಾಗ ಮನಸ್ಸು ಕಲಕುತ್ತದೆ. ಅವು ರೋಗದಿಂದ ಸತ್ತವಲ್ಲ. ಆಳೆತ್ತರದ ಅಲೆಗಳನ್ನು ದಾಟಿಬಂದು, ಸರಿಯಾದ ಮೇವಿನ ನೆಲಕ್ಕೆ ಕೆಲವು ದಿನಗಳ ನಡಿಗೆಯಷ್ಟು ಮೊದಲು ಬಿದ್ದುಹೋದವು.

ಪ್ರಾಣಿಯ ಜೊತೆ ಬಂದ ವಿದ್ಯೆ

ಹಿಂಡನ್ನು ತಂದರೆ ಸಾಲದು, ಮೇಯಿಸುವ ವಿದ್ಯೆಯನ್ನೂ ತರಬೇಕು. ಮೊದಲ ವರ್ಷಗಳಲ್ಲಿ ಪ್ರಾಣಿಗಳ ಜೊತೆ ಚುಕ್ಚಿ ಹಿಂಡುಗಾರರೇ ಟೆಲ್ಲರ್‌ಗೆ ಬಂದು ಸ್ಥಳೀಯ ಯುವಕರಿಗೆ ಕಲಿಸತೊಡಗಿದರು. 1894ರಲ್ಲಿ ನಾರ್ವೆಯ ಕೌಟೊಕೈನೊ ಪ್ರದೇಶದಿಂದ ಸಾಮಿ ಕುಟುಂಬಗಳು ಬಂದವು. ಮ್ಯಾನಿಟೋಬಾದಲ್ಲಿ ಬಂದ ಜನರಲ್ಲೂ ಸಾಮಿಗಳೇ ಹೆಚ್ಚು. ತರಬೇತಿ ಪಡೆದ ಇನೂಪಿಯಾಕ್ ಯುವಕರಿಗೆ ಕೆಲಸಕ್ಕೆ ಪ್ರತಿಫಲವಾಗಿ ಪ್ರಾಣಿಗಳನ್ನೇ ಕೊಡುವ, ಮಿಷನ್‌ಗಳಿಗೆ ಹಿಂಡನ್ನು ಸಾಲವಾಗಿ ಕೊಟ್ಟು ಕೆಲವು ವರ್ಷಗಳ ಮೇಲೆ ಅಷ್ಟೇ ಸಂಖ್ಯೆಯನ್ನು ಹಿಂಪಡೆಯುವ ಪದ್ಧತಿ ಬೆಳೆಯಿತು. ನಮ್ಮ ಹಳ್ಳಿಗಳಲ್ಲಿ ಕುರಿ, ದನಗಳನ್ನು ಪಾಲಿಗೆ ಕೊಡುವುದನ್ನು ಬಲ್ಲವರಿಗೆ ಇದು ಹೊಸದೆನಿಸದು.

1902ರಲ್ಲಿ ರಷ್ಯಾ ಸರಕಾರ ಜೀವಂತ ಹಿಮಸಾರಂಗಗಳ ಮಾರಾಟವನ್ನು ತಡೆಯಿತು. ಅಷ್ಟರಲ್ಲಿ ಸೈಬೀರಿಯಾದಿಂದ ಒಟ್ಟು 1,280 ಪ್ರಾಣಿಗಳು ಬಂದಿದ್ದವು. 1930ರ ದಶಕದ ಆರಂಭಕ್ಕೆ ಅಲಾಸ್ಕದಲ್ಲಿ ಅವುಗಳ ಸಂತತಿ 6 ಲಕ್ಷ ದಾಟಿತ್ತು.

ಲೆಕ್ಕಕ್ಕೆ ಸಿಗದ ಪ್ರಯಾಣಿಕ

ಅಲಾಸ್ಕದ ಮಾದರಿಯನ್ನು ನೋಡಿ ವೈದ್ಯ ಮಿಷನರಿ ವಿಲ್ಫ್ರೆಡ್ ಗ್ರೆನ್‌ಫೆಲ್ ಅವರು ನಾರ್ವೆಯಿಂದ 300 ಹಿಮಸಾರಂಗಗಳನ್ನು ‘ಅನೀಟಾ’ ಎಂಬ ಹಡಗಿನಲ್ಲಿ ನ್ಯೂಫೌಂಡ್‌ಲೆಂಡ್ ದ್ವೀಪಕ್ಕೆ ತರಿಸಿದರು. ಅವು 1908ರ ಜನವರಿಯಲ್ಲಿ ಸೇಂಟ್ ಆಂಥನಿ ಬಳಿ ಇಳಿದವು. ಹಿಂಡು ಕೆಲವು ವರ್ಷ ಚೆನ್ನಾಗಿ ಬೆಳೆದು, ಆಮೇಲೆ ಕಳ್ಳಬೇಟೆಗೆ ಸಿಕ್ಕಿ ಕ್ಷೀಣಿಸಿತು. ಆದರೆ ಅವುಗಳ ಮೈಯೊಳಗೆ ಬಂದಿದ್ದ ಒಂದು ಹುಳು ಅಲ್ಲೇ ಉಳಿಯಿತು. ಕೂದಲೆಳೆಯಂಥ ಈ ಹುಳುವಿನ ಮರಿಗಳು ಪ್ರಾಣಿಯ ಹಿಕ್ಕೆಯ ಮೂಲಕ ಹೊರಬಂದು, ಬಸವನಹುಳುಗಳ ದೇಹ ಸೇರಿ, ಮೇವಿನ ಜೊತೆ ಆ ಬಸವನಹುಳುವನ್ನು ನುಂಗಿದ ಇನ್ನೊಂದು ಪ್ರಾಣಿಯ ಮಿದುಳು ಮತ್ತು ಬೆನ್ನುಹುರಿಯ ಸುತ್ತ ನೆಲೆಸುತ್ತವೆ. ದ್ವೀಪದ ಕಾಡು ಕ್ಯಾರಿಬೂಗಳಿಗೆ ಅದು ಹರಡಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ, ಹಡಗು ಬಂದುಹೋಗಿ ಎಷ್ಟೋ ದಶಕಗಳಾದ ಮೇಲೆ, ಮರಿ ಕ್ಯಾರಿಬೂಗಳು ಹಿಂಗಾಲು ಸೋತು ತೂರಾಡುವುದನ್ನು ಕಂಡು ಮೂಲ ಹುಡುಕಿದಾಗ ಎಳೆ ಆ ಪ್ರಯಾಣಕ್ಕೆ ಹೋಗಿ ಮುಟ್ಟಿತು. 1952ರಲ್ಲಿ ಮಿಕೆಲ್ ಉಟ್ಸಿ ಎಂಬ ಸಾಮಿ ಹಿಂಡುಗಾರರು ಸ್ವೀಡನ್ನಿನಿಂದ ಸ್ಕಾಟ್ಲೆಂಡಿಗೆ ಕೆಲವೇ ಹಿಮಸಾರಂಗಗಳನ್ನು ಹಡಗಿನಲ್ಲಿ ತಂದಾಗ ಅವುಗಳನ್ನು ನೇರವಾಗಿ ಬೆಟ್ಟಕ್ಕೆ ಬಿಡದೆ, ಮೊದಲು ಎಡಿನ್‌ಬರೋ ಮೃಗಾಲಯದಲ್ಲಿ ಪ್ರತ್ಯೇಕವಾಗಿ ಇರಿಸಿದ್ದು ಇಂಥ ಅಪಾಯಗಳ ಕಾರಣಕ್ಕೇ.

ಭೂಮಧ್ಯರೇಖೆಯ ಆಚೆ

ಅತ್ಯಂತ ಅಚ್ಚರಿಯ ಪ್ರಯಾಣ ದಕ್ಷಿಣಕ್ಕೆ ನಡೆದದ್ದು. 1911ರಲ್ಲಿ ನಾರ್ವೆಯ ತಿಮಿಂಗಿಲ ಬೇಟೆಗಾರರು ಅಂಟಾರ್ಕ್ಟಿಕದ ಸಮೀಪದ ದಕ್ಷಿಣ ಜಾರ್ಜಿಯಾ ದ್ವೀಪಕ್ಕೆ 10 ಹಿಮಸಾರಂಗಗಳನ್ನು ಒಯ್ದರು. ದಾರಿಯಲ್ಲಿ ಉಷ್ಣವಲಯದ ಸೆಕೆಯನ್ನು ಆ ದಪ್ಪ ತುಪ್ಪಳದಲ್ಲಿ ದಾಟಬೇಕಿತ್ತು. ದಾಟಿದ ಮೇಲೆ ಋತುಗಳೇ ತಲೆಕೆಳಗು: ಉತ್ತರದಲ್ಲಿ ಮರಿ ಹಾಕುವ ಮೇ ತಿಂಗಳು ಅಲ್ಲಿ ಚಳಿಗಾಲದ ಬಾಗಿಲು. ಪ್ರಾಣಿಗಳು ತಮ್ಮ ಬೆದೆ, ಕೊಂಬು, ಹೆರಿಗೆಯ ಕಾಲವನ್ನೆಲ್ಲ ಆರು ತಿಂಗಳು ಸರಿಸಿಕೊಂಡವು. ಅವುಗಳ ಒಳಗಡಿಯಾರ ತಿಂಗಳ ಹೆಸರನ್ನು ನೋಡುವುದಿಲ್ಲ, ಹಗಲಿನ ಉದ್ದವನ್ನು ನೋಡುತ್ತದೆ. ಕಲ್ಲುಹೂವು ವಿರಳವಾಗಿದ್ದ ಅಲ್ಲಿ ಅವು ಒರಟು ಹುಲ್ಲಿಗೂ ಒಗ್ಗಿಕೊಂಡವು. ಎಷ್ಟು ಚೆನ್ನಾಗಿ ಒಗ್ಗಿದವೆಂದರೆ, ಸ್ಥಳೀಯ ಸಸ್ಯಗಳಿಗೂ ನೆಲದಲ್ಲಿ ಗೂಡುಮಾಡುವ ಹಕ್ಕಿಗಳಿಗೂ ಕುತ್ತು ಬಂದು, ಸುಮಾರು ನೂರು ವರ್ಷಗಳ ನಂತರ ಆರು ಸಾವಿರಕ್ಕೂ ಮೀರಿದ ಅವುಗಳನ್ನು ದ್ವೀಪದಿಂದ ಪೂರ್ತಿಯಾಗಿ ನಿವಾರಿಸಬೇಕಾಯಿತು.

ಹಡಗು ಬೇಡವೆಂದಾಗ

1929ರಲ್ಲಿ ಕೆನಡಾ ಸರಕಾರ ತನ್ನ ಉತ್ತರದ ಮೆಕೆಂಜಿ ನದಿಯ ಮುಖಜ ಪ್ರದೇಶಕ್ಕಾಗಿ ಅಲಾಸ್ಕದಿಂದ ಸುಮಾರು 3,000 ಹಿಮಸಾರಂಗಗಳನ್ನು ಕೊಂಡಿತು. ಈ ಬಾರಿ ಹಿಂಡು ಹಡಗೇರಲಿಲ್ಲ, ನಡೆದು ಹೋಯಿತು. ಅದನ್ನು ಮುನ್ನಡೆಸಿದವರು ಆಂಡ್ರೂ ಬಾರ್ ಎಂಬ ಸಾಮಿ ಹಿರಿಯರು. ಅವರು ಅಲಾಸ್ಕಕ್ಕೆ ಬಂದದ್ದು 1898ರ ಮ್ಯಾನಿಟೋಬಾ ತಂಡದ ಜೊತೆ. ಎರಡು ವರ್ಷದೊಳಗೆ ಮುಗಿಯಬಹುದೆಂದುಕೊಂಡಿದ್ದ ನಡಿಗೆ ಐದು ವರ್ಷ ದಾಟಿತು. ಮೇವು ಕಂಡಲ್ಲಿ ನಿಂತರು, ಮರಿ ಹಾಕುವ ಕಾಲದಲ್ಲಿ ತಿಂಗಳುಗಟ್ಟಲೆ ಬೀಡುಬಿಟ್ಟರು, ಚದುರಿದ ಪ್ರಾಣಿಗಳನ್ನು ಕೂಡಿಸಿಕೊಂಡು ಮತ್ತೆ ನಡೆದರು. 1935ರ ಮಾರ್ಚ್‌ನಲ್ಲಿ ಹಿಂಡು ಗುರಿ ಮುಟ್ಟಿದಾಗ ಎಣಿಕೆಗೆ ಸಿಕ್ಕವು 2,400ಕ್ಕೆ ತುಸು ಕಡಿಮೆ. ಅವುಗಳಲ್ಲಿ ಬಹುಪಾಲು ಹಾದಿಯಲ್ಲೇ ಹುಟ್ಟಿದವು.